ಮೋಟರ್‌ಗೆ ಎಷ್ಟು ದಪ್ಪದ ವೈರ್? ಮಾಲೇಗಾಂವ್ ಮಗ್ಗದಿಂದ ಊರಿನ ಬೋರ್‌ವೆಲ್ ತನಕ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಲೆಕ್ಕಗಳನ್ನು ನಿಧಾನವಾಗಿ ಓದಿಕೊಳ್ಳಬೇಕು ಅನ್ನುವವರಿಗೆ, ಈ ವಾರದ ಮಾತಿನ ಬರಹ ರೂಪ ಇದು.

ಮಾಲೇಗಾಂವ್ ಅಂದ ಕೂಡಲೇ ನಿಮ್ಮಲ್ಲಿ ಹಲವರಿಗೆ ಸಿನಿಮಾ ನೆನಪಾಗುತ್ತೆ. ರೀಮಾ ಕಾಗ್ತಿಯವರ ‘ಸೂಪರ್‌ಬಾಯ್ಸ್ ಆಫ್ ಮಾಲೇಗಾಂವ್’ ನೋಡಿರ್ತೀರಿ. ಆ ಊರಿನ ಹುಡುಗರೇ ಮಾಡಿದ ಸೂಪರ್‌ಮ್ಯಾನ್ ಸಿನಿಮಾದಲ್ಲಿ ಹಾರಾಡಿದ ಶಫೀಕ್, ನಿಜ ಜೀವನದಲ್ಲಿ ಪವರ್‌ಲೂಮ್ ಕೆಲಸಗಾರನಾಗಿದ್ದ. ಮಾಲೇಗಾಂವ್ ಇರೋದೇ ಹಾಗೆ. ಮೋಸಮ್ ನದಿಯ ದಂಡೆ, ಮುಂಬಯಿ–ಆಗ್ರಾ ಹೆದ್ದಾರಿ, ಗಲ್ಲಿ ಗಲ್ಲಿಯಲ್ಲೂ ಮಗ್ಗದ ಶೆಡ್ಡು. ನಮ್ಮ ರಬಕವಿ–ಬನಹಟ್ಟಿ ಅಥವಾ ದೊಡ್ಡಬಳ್ಳಾಪುರದವರು ಅಲ್ಲಿ ಹೋಗಿ ಕಣ್ಣು ಮುಚ್ಚಿ ನಿಂತರೆ, ಸದ್ದು ಕೇಳಿ ಊರಿಗೇ ಬಂದೆ ಅಂದ್ಕೋತಾರೆ. ನಾನು ಕೆಲಸ ಮಾಡೋದು ನಾಸಿಕ್‌ನಲ್ಲಿ. ಅಲ್ಲಿಂದ ನೂರು ಕಿಲೋಮೀಟರ್ ಚಿಲ್ಲರೆ ದೂರ. ಮೋಟರ್, ಪ್ಯಾನೆಲ್ ಕೆಲಸಕ್ಕೆ ಅಂತ ಆಗಾಗ ಮಾಲೇಗಾಂವ್‌ಗೆ ಹೋಗ್ತಿರ್ತೀನಿ.

ಸಾಫ್ಟ್‌ವೇರ್ ಕೆಲಸದಲ್ಲಿರೋ ನಿಮಗೆ ಮಗ್ಗದ ಮೋಟರ್ ಯಾಕೆ ಅಂತ ಕೇಳಬಹುದು. ಯಾಕೆ ಅಂದ್ರೆ, ಪುಣೆಯಲ್ಲೋ ಡಲ್ಲಾಸ್‌ನಲ್ಲೋ ಇರೋ ನಿಮ್ಮ ಫೋನಿಗೆ ವರ್ಷಕ್ಕೊಮ್ಮೆಯಾದರೂ ಊರಿಂದ ಒಂದು ಮಾತು ಬರುತ್ತೆ: “ಮೋಟ್ರು ಮತ್ತೆ ಸುಟ್ಟೋಯ್ತು ಕಣೋ.” ಬೋರಿನಿಂದ ಮೋಟರ್ ಎತ್ತಿಸೋ ಖರ್ಚು, ಕಾಯಿಲ್ ಕಟ್ಟಿಸೋ ಖರ್ಚು, ಮತ್ತೆ ಇಳಿಸೋ ಖರ್ಚು. ಅಷ್ಟರಲ್ಲಿ ವಾರ ಕಳೆದು ಬೆಳೆ ಬಾಡಿರುತ್ತೆ. ನೀವು ದುಡ್ಡು ಕಳಿಸ್ತೀರಿ. ಮುಂದಿನ ವರ್ಷ ಮತ್ತೆ ಅದೇ ಫೋನು. ಹೀಗೆ ಪದೇ ಪದೇ ಸುಡೋ ಮೋಟರ್‌ಗಳಲ್ಲಿ ಎಷ್ಟೋ ಸಲ ಮೋಟರಿನ ತಪ್ಪೇ ಇರಲ್ಲ, ಅದಕ್ಕೆ ಹಾಕಿದ ವೈರಿನ ತಪ್ಪಿರುತ್ತೆ.

ಮೊದಲು ಒಂದು ತಪ್ಪು ತಿಳುವಳಿಕೆ ತೆಗೆದುಹಾಕೋಣ

“ದಪ್ಪ ವೈರ್ ಹಾಕಿದ್ರೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತೆ” ಅಂತ ಊರಲ್ಲಿ ಹೇಳ್ತಾರೆ. ಇಲ್ಲ. ಎಷ್ಟು ಕರೆಂಟ್ ಬೇಕು ಅನ್ನೋದನ್ನು ತೀರ್ಮಾನ ಮಾಡೋದು ಮೋಟರ್ ಮೇಲಿನ ಹೊರೆ. ವೈರ್ ಬರೀ ದಾರಿ. ದಾರಿ ಕಿರಿದಾದರೆ ಎರಡು ತೊಂದರೆ: ವೈರ್ ಬಿಸಿಯಾಗುತ್ತೆ, ಮೋಟರ್ ತಲುಪೋ ವೋಲ್ಟೇಜ್ ಇಳಿಯುತ್ತೆ. ಇವತ್ತಿನ ಇಡೀ ಮಾತು ಈ ಎರಡರ ಬಗ್ಗೆಯೇ: ಬಿಸಿ ಮತ್ತು ದೂರ. ಮಗ್ಗದ ಶೆಡ್ಡಿನಲ್ಲಿ ವೈರಿನ ಸೈಜ್ ನಿರ್ಧರಿಸೋದು ಬಿಸಿ. ತೋಟದ ಬೋರ್‌ವೆಲ್‌ನಲ್ಲಿ ನಿರ್ಧರಿಸೋದು ದೂರ. ಒಂದರ ನಿಯಮವನ್ನು ಇನ್ನೊಂದಕ್ಕೆ ಹಾಕಿದಾಗಲೇ ಎಡವಟ್ಟಾಗೋದು.

ಮಗ್ಗದ ಶೆಡ್ಡು: ಬಿಸಿಯ ಲೆಕ್ಕ

ಮಗ್ಗಕ್ಕೆ ಹಾಕೋದು ಅರ್ಧದಿಂದ ಒಂದು ಎಚ್‌ಪಿಯ ತ್ರೀ ಫೇಸ್ ಮೋಟರ್. ಇದು ಸಾಮಾನ್ಯ ಮೋಟರ್ ಅಲ್ಲ. ಸ್ವಿಚ್ ಹಾಕಿದ ಮೊದಲ ಹೊಡೆತಕ್ಕೇ ಲಾಳಿ ಪೂರ್ತಿ ವೇಗದಲ್ಲಿ ಈ ಕಡೆಯಿಂದ ಆ ಕಡೆಗೆ ಹಾರಬೇಕು. ಅದಕ್ಕೆ ಶುರುವಿನಲ್ಲೇ ಜೋರು ಬೇಕು. ಎಳೆ ಕಡಿದಾಗೆಲ್ಲ ನಿಲ್ಲಿಸಿ ಮತ್ತೆ ಶುರು ಮಾಡ್ತಾ ಇರಬೇಕು. ಇದಕ್ಕೆ ಅಂತಲೇ ಬೇರೆ ಭಾರತೀಯ ಮಾನಕ ಇದೆ, ಐಎಸ್ 2972.

ಒಂದು ಎಚ್‌ಪಿ ಮಗ್ಗದ ಮೋಟರ್ 415 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತೆ. 12 ಮಗ್ಗ ಇದ್ದರೆ 24 ಆಂಪಿಯರ್. 6 ಚದರ ಮಿಲಿಮೀಟರ್‌ನ ಮೂರು ಎಳೆಯ ತಾಮ್ರದ ಕೇಬಲ್ ಸುಮಾರು 31 ಆಂಪಿಯರ್ ತಡೆಯುತ್ತೆ ಅಂತ ಕಂಪನಿಗಳ ಪಟ್ಟಿಯಲ್ಲಿರುತ್ತೆ. ಸಾಕಾಯ್ತಲ್ಲ?

ಸಾಕು. ಆದರೆ ಆ ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಷರತ್ತಿದೆ: ಸುತ್ತಲಿನ ಗಾಳಿ 40 ಡಿಗ್ರಿ ಅಂತ. ಪಿವಿಸಿ ಹೊದಿಕೆ ತಡೆಯೋದು 70 ಡಿಗ್ರಿ. ಅಂದ್ರೆ ವೈರಿಗೆ ಬಿಸಿಯಾಗೋಕೆ ಇರೋ ಅವಕಾಶ 30 ಡಿಗ್ರಿ. ಮಾಲೇಗಾಂವ್‌ನ ಮೇ ತಿಂಗಳಲ್ಲಿ, ತಗಡಿನ ಶೀಟಿನ ಕೆಳಗೆ, ಹತ್ತಾರು ಮೋಟರ್ ಓಡುವಾಗ 45 ಡಿಗ್ರಿ ದಾಟೋದು ದೊಡ್ಡ ಮಾತಲ್ಲ. ಆಗ ವೈರಿನ ಸಾಮರ್ಥ್ಯವನ್ನು ಸುಮಾರು 0.9ರಿಂದ ಗುಣಿಸಬೇಕು. 50 ಡಿಗ್ರಿ ಆದರೆ 0.8ರಿಂದ. 31ರ ಕೇಬಲ್ 28ಕ್ಕೋ 25ಕ್ಕೋ ಇಳೀತು. 24 ಆಂಪಿಯರ್‌ಗೆ ಇನ್ನೂ ನಡೆಯುತ್ತೆ, ಆದರೆ ಅಂಚಿಗೆ ಬಂದು ನಿಂತಿದೆ.

ಒಂದೇ ಪೈಪಿನಲ್ಲಿ ಹಲವು ಸರ್ಕೀಟ್ ತುರುಕಿದರೂ ಹೀಗೇ. ಎರಡು ಸರ್ಕೀಟ್ ಜೊತೆಗಿದ್ದರೆ 0.8, ಮೂರಿದ್ದರೆ 0.7, ಆರಿದ್ದರೆ 0.57. ಒಂದೊಂದೇ ಮಗ್ಗಕ್ಕೆ ಹೋಗೋ ವೈರಿಗೆ ಇದರ ಚಿಂತೆ ಇಲ್ಲ: 1.5ರ ವೈರಿನ 14 ಆಂಪಿಯರ್ ಅನ್ನು 0.57, 0.9 ಎರಡರಿಂದಲೂ ಗುಣಿಸಿದರೂ 7 ಉಳಿಯುತ್ತೆ, ಬೇಕಾಗಿರೋದು 2. ಕಷ್ಟ ಬರೋದು ಎಲ್ಲವನ್ನೂ ಹೊರೋ ಮೇನ್ ಕೇಬಲ್ಲಿಗೆ.

ಇಷ್ಟು ಲೆಕ್ಕ ಹಾಕಿ ಶೆಡ್ಡು ಕಟ್ಟಿದವರೂ ಸಿಕ್ಕಿಬೀಳೋದು ಮುಂದಿನ ಹೆಜ್ಜೆಯಲ್ಲಿ. ವ್ಯಾಪಾರ ಚೆನ್ನಾಗಿದೆ ಅಂತ ಇನ್ನೂ 12 ಮಗ್ಗ ಬರುತ್ತೆ. ಮೇನ್ ಕೇಬಲ್ ಮಾತ್ರ ಹಳೇದೇ. 48 ಆಂಪಿಯರ್ ಈಗ 6ರ ಕೇಬಲ್ ಮೇಲೆ. ಫ್ಯೂಸ್ ಹೋಗ್ತಾ ಇರುತ್ತೆ. ಕೆಲಸ ನಿಲ್ಲಬಾರದು ಅಂತ ಯಾರೋ ಫ್ಯೂಸಿಗೆ ಎರಡು ಎಳೆ ಸೇರಿಸಿ ಸುತ್ತುತ್ತಾರೆ. ಆಮೇಲೆ ಫ್ಯೂಸ್ ಹೋಗಲ್ಲ. ನಾನು ನೋಡಿದ ಒಂದು ಶೆಡ್ಡಿನಲ್ಲಿ ಮೇನ್ ಸ್ವಿಚ್ಚಿನ ಹತ್ತಿರ ವೈರಿನ ಕೆಂಪು ಹೊದಿಕೆ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯೋ ಹಾಗಾಗಿತ್ತು. ಅದರ ಮೇಲೆ ಹತ್ತಿಯ ನವಿರು ಧೂಳು ಹಿಮದಂತೆ ಕೂತಿತ್ತು. ಆ ಶೆಡ್ಡಿನ ಅಟ್ಟದ ಮೇಲೆ ರಾತ್ರಿ ಪಾಳಿ ಮುಗಿಸಿದ ಹುಡುಗರು ಮಲಗ್ತಿದ್ದರು. ವೈರಿನ ದಪ್ಪ ಯಾಕೆ ಗಂಭೀರ ವಿಷಯ ಅನ್ನೋದಕ್ಕೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ಸರಿಯಾದ ಲೆಕ್ಕ ಹೀಗೆ. ಹಲವು ಮೋಟರ್‌ಗಳಿಗೆ ಒಂದೇ ಕೇಬಲ್ ಇದ್ದರೆ, ಎಲ್ಲವುಗಳ ಕರೆಂಟ್ ಕೂಡಿ, ಅದಕ್ಕೆ ಅತಿ ದೊಡ್ಡ ಮೋಟರಿನ ಕಾಲುಭಾಗ ಸೇರಿಸಿ. ಒಂದೇ ಮೋಟರ್ ಇದ್ದರೆ ಅದರ ಕರೆಂಟಿನ 1.25 ಪಟ್ಟು. ಅಮೆರಿಕದ ಎನ್‌ಇಸಿ ನಿಯಮವೂ ಇದನ್ನೇ ಹೇಳುತ್ತೆ. ಇಲ್ಲಿ 48 ಕೂಡಿಸು ಅರ್ಧ, ಅಂದ್ರೆ 48.5. ಅದನ್ನು 0.9ರಿಂದ ಭಾಗಿಸಿದರೆ 54. ಪಟ್ಟಿಯಲ್ಲಿ 10ರ ಕೇಬಲ್‌ಗೆ 42, 16ರದಕ್ಕೆ 57. ಹಾಗಾಗಿ 16 ಚದರ ಮಿಲಿಮೀಟರ್.

ಇನ್ನೊಂದು ವಿಷಯ, ಇದು ನಿಮಗೆ ಬೇಗ ಅರ್ಥವಾಗುತ್ತೆ. ಸರ್ವರ್ ಬಿದ್ದು ಎದ್ದ ಕ್ಷಣ ಎಲ್ಲ ಕ್ಲೈಂಟ್‌ಗಳೂ ಒಟ್ಟಿಗೆ ನುಗ್ಗಿ ಮತ್ತೆ ಬೀಳಿಸ್ತಾವಲ್ಲ, ಮಗ್ಗದ ಶೆಡ್ಡಿನಲ್ಲೂ ಅದೇ ಆಗುತ್ತೆ. ಮೋಟರ್ ಶುರುವಾಗುವಾಗ ಆರೇಳು ಪಟ್ಟು ಕರೆಂಟ್ ಎಳೆಯುತ್ತೆ. ಕರೆಂಟ್ ಹೋಗಿ ಬಂದಾಗ 24 ಮಗ್ಗಗಳ ಸ್ವಿಚ್ಚೂ ಆನ್ ಇದ್ದರೆ ಒಮ್ಮೆಗೇ 288 ಆಂಪಿಯರ್. ಇದಕ್ಕೆ ಪರಿಹಾರ ವೈರ್ ದಪ್ಪ ಮಾಡೋದಲ್ಲ. ಕರೆಂಟ್ ಹೋದ ಕೂಡಲೇ ತಾನೇ ಬಿಟ್ಟುಕೊಳ್ಳೋ ಸ್ಟಾರ್ಟರ್ ಹಾಕಿ, ಒಂದೊಂದಾಗಿ ಶುರು ಮಾಡೋದು.

ಬೋರ್‌ವೆಲ್: ದೂರದ ಲೆಕ್ಕ

ಈಗ ಊರಿಗೆ ಬನ್ನಿ. 7.5 ಎಚ್‌ಪಿ ಸಬ್‌ಮರ್ಸಿಬಲ್ ಮೋಟರ್, ಪ್ಲೇಟಿನ ಮೇಲೆ 14 ಆಂಪಿಯರ್ ಅಂತಿದೆ ಅನ್ಕೊಳ್ಳಿ. ಕಂಬದ ಹತ್ತಿರದ ಮೀಟರ್ ಪೆಟ್ಟಿಗೆಯಿಂದ ಬೋರ್ ತನಕ 200 ಮೀಟರ್, ಮೋಟರ್ ಇರೋ ಆಳ 200 ಮೀಟರ್, ಅಂದ್ರೆ ಸುಮಾರು 650 ಅಡಿ. ಒಟ್ಟು 400 ಮೀಟರ್ ಕೇಬಲ್. ನಮ್ಮ ಕೋಲಾರ, ಚಿತ್ರದುರ್ಗದ ಕಡೆ ಇದು ಏನೇನೂ ಹೆಚ್ಚಲ್ಲ.

ಅಂಗಡಿಯವನು ಪಟ್ಟಿ ನೋಡಿ ಹೇಳ್ತಾನೆ: 2.5ರ ಫ್ಲ್ಯಾಟ್ ಕೇಬಲ್ 18 ಆಂಪಿಯರ್ ತಡೆಯುತ್ತೆ, ನಿಮಗೆ ಬೇಕಾಗಿರೋದು 14, ಧಾರಾಳ. 1.25 ಪಟ್ಟು ಮಾಡಿದರೂ 17.5, ಆಗಲೂ ಪಾಸು. ಬಿಸಿಯ ಲೆಕ್ಕದಲ್ಲಿ ಅವನು ಹೇಳೋದು ಸುಳ್ಳಲ್ಲ. ಆದರೆ ದೂರವನ್ನು ಅವನು ಕೇಳಲೇ ಇಲ್ಲ.

ದೂರದ ಲೆಕ್ಕಕ್ಕೆ ಒಂದೇ ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ: 0.02. ತಾಮ್ರದ ವೈರಿನ ಒಂದು ಎಳೆಯ ರೆಸಿಸ್ಟೆನ್ಸ್, ಓಮ್‌ನಲ್ಲಿ:

0.02 × ಉದ್ದ (ಮೀಟರ್) ÷ ದಪ್ಪ (ಚದರ ಮಿಲಿಮೀಟರ್)

ತ್ರೀ ಫೇಸ್ ಮೋಟರ್‌ಗೆ ಇಳಿಯೋ ವೋಲ್ಟೇಜ್:

1.73 × ಕರೆಂಟ್ × ರೆಸಿಸ್ಟೆನ್ಸ್ × 0.8

ಕೊನೆಯ 0.8 ಪವರ್ ಫ್ಯಾಕ್ಟರ್. ಸಿಂಗಲ್ ಫೇಸ್ ಆದರೆ 1.73ರ ಬದಲು 2 ಹಾಕಿ. ಈಗ 14 ಆಂಪಿಯರ್, 400 ಮೀಟರ್‌ಗೆ ಹಾಕಿ ನೋಡೋಣ:

2.5ರ ಕೇಬಲ್: 62 ವೋಲ್ಟ್ ನಷ್ಟ, 415ರಲ್ಲಿ ಶೇ 15
4ರ ಕೇಬಲ್: 39 ವೋಲ್ಟ್, ಶೇ 9
6ರ ಕೇಬಲ್: 26 ವೋಲ್ಟ್, ಶೇ 6
10ರ ಕೇಬಲ್: 15.5 ವೋಲ್ಟ್, ಶೇ 4ಕ್ಕಿಂತ ಕಮ್ಮಿ

ಶೇ 5ರ ಒಳಗೆ ಇರಬೇಕು ಅನ್ನೋದು ಸಾಮಾನ್ಯವಾಗಿ ಪಾಲಿಸೋ ಮಿತಿ. ಹಾಗಾದರೆ ಬೇಕಾಗಿರೋದು 10. ಬಿಸಿಯ ಲೆಕ್ಕ 2.5 ಸಾಕು ಅಂತು, ದೂರದ ಲೆಕ್ಕ ಅದರ ನಾಲ್ಕು ಪಟ್ಟು ಕೇಳ್ತು.

ವೋಲ್ಟೇಜ್ ಇಳಿದರೆ ಮೋಟರಿಗೆ ಏನಾಗುತ್ತೆ? ಬಲ್ಬ್ ಆದರೆ ಮಂಕಾಗಿ ಸುಮ್ಮನಾಗುತ್ತೆ. ಮೋಟರ್ ಹಾಗಲ್ಲ. ನೀರೆತ್ತೋ ಹೊರೆ ಹಾಗೇ ಇರುತ್ತೆ, ಅದಕ್ಕೆ ಕಮ್ಮಿ ವೋಲ್ಟೇಜನ್ನು ಹೆಚ್ಚು ಕರೆಂಟ್ ಎಳೆದು ಸರಿತೂಗಿಸುತ್ತೆ. ವೋಲ್ಟೇಜ್ ಶೇ 10 ಇಳಿದರೆ ಕರೆಂಟ್ ಸುಮಾರು ಶೇ 11 ಏರುತ್ತೆ. ಕಾಯಿಲ್‌ನ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರೋದರಿಂದ ಅದು ಶೇ 23 ಆಗುತ್ತೆ. ಕಾಯಿಲ್ 10 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ಹೊದಿಕೆಯ ಆಯಸ್ಸು ಅರ್ಧಕ್ಕೆ ಇಳಿಯುತ್ತೆ ಅನ್ನೋದು ಮೋಟರ್ ಕೆಲಸದವರ ಹಳೆಯ ಅಂದಾಜು. ವರ್ಷ ವರ್ಷ ಮೋಟರ್ ಸುಡೋದರ ಗುಟ್ಟು ಇಲ್ಲಿದೆ.

ಶುರುವಾಗುವ ಆ ಎರಡು ಸೆಕೆಂಡು

ಶುರುವಿನ ಕರೆಂಟ್ ಆರು ಪಟ್ಟು, ಅಂದ್ರೆ 84 ಆಂಪಿಯರ್. ಆಗ ಪವರ್ ಫ್ಯಾಕ್ಟರ್ ಕಮ್ಮಿ, 0.45 ಅಂತ ಇಟ್ಕೊಳ್ಳಿ. ಕೇಬಲ್ಲಿನ ರೆಸಿಸ್ಟೆನ್ಸ್ ಸೇರಿಸಿ ಲೆಕ್ಕ ಹಾಕಿದರೆ, 10ರ ಕೇಬಲ್‌ನಲ್ಲಿ ಮೋಟರಿಗೆ ಶೇ 87 ವೋಲ್ಟೇಜ್ ಸಿಗುತ್ತೆ. 6ರದರಲ್ಲಿ ಶೇ 78. 2.5ರಲ್ಲಿ ಬರೀ ಶೇ 55. ಮೋಟರ್ ತಿರುಗೋ ಬಲ ವೋಲ್ಟೇಜಿನ ವರ್ಗದ ಲೆಕ್ಕ. ಹಾಗಾಗಿ ಬಲ ಕ್ರಮವಾಗಿ ಶೇ 75, ಶೇ 61, ಶೇ 30. ಬೋರಿನಲ್ಲಿ ಸ್ವಲ್ಪ ಮರಳು ಕೂತಿದ್ದರೆ ಶೇ 30 ಬಲಕ್ಕೆ ಪಂಪು ಅಲುಗಾಡಲ್ಲ. ಗುಂಯ್ ಅಂತ ಸದ್ದು ಮಾಡ್ತಾ ನಿಂತಲ್ಲೇ ಕಾಯುತ್ತೆ. ಓವರ್‌ಲೋಡ್ ರಿಲೇ ಸರಿಯಿದ್ದರೆ ಬಚಾವ್. ರಿಲೇಯನ್ನು ಬೈಪಾಸ್ ಮಾಡಿದ್ದರೆ ಮುಗೀತು.

ಇದೆಲ್ಲ ಕಂಬದಲ್ಲಿ ಪೂರ್ತಿ 415 ಇದೆ ಅಂತ ಹಿಡಿದು ಹಾಕಿದ ಲೆಕ್ಕ. ಲೈನಿನ ಕೊನೆಯ ತೋಟಗಳಲ್ಲಿ, ಎಲ್ಲರೂ ಒಟ್ಟಿಗೆ ಮೋಟರ್ ಹಾಕೋ ಹೊತ್ತಿನಲ್ಲಿ, ಅದಕ್ಕಿಂತ ಕೆಳಗೇ ಇರುತ್ತೆ ಅನ್ನೋದು ನಿಮಗೆ ಗೊತ್ತು. ಅದನ್ನು ಸರಿ ಮಾಡೋದು ನಮ್ಮ ಕೈಲಿಲ್ಲ. ಕೇಬಲ್ ನಮ್ಮ ಕೈಲಿದೆ.

10ರ ಕೇಬಲ್ ದುಬಾರಿ, ಏನು ಮಾಡೋದು?

ನ್ಯಾಯವಾದ ಪ್ರಶ್ನೆ. ಬೆಲೆ ದಿನಾ ಬದಲಾಗುತ್ತೆ, ತೂಕ ಬದಲಾಗಲ್ಲ. 400 ಮೀಟರ್ ಮೂರೆಳೆ ಕೇಬಲ್‌ನಲ್ಲಿ 2.5 ಆದರೆ 27 ಕೆಜಿ ತಾಮ್ರ, 6 ಆದರೆ 64 ಕೆಜಿ, 10 ಆದರೆ 107 ಕೆಜಿ. ವ್ಯತ್ಯಾಸ ದೊಡ್ಡದೇ.

ಹಾಗಾಗಿ ದಾರಿಯನ್ನು ಎರಡು ಭಾಗ ಮಾಡಿ. ನೆಲದ ಮೇಲಿನ 200 ಮೀಟರ್‌ಗೆ 16ರ ಅಲ್ಯೂಮಿನಿಯಂ ಕೇಬಲ್. ಅಲ್ಯೂಮಿನಿಯಂನ ರೆಸಿಸ್ಟೆನ್ಸ್ ತಾಮ್ರಕ್ಕಿಂತ ಸುಮಾರು 1.6 ಪಟ್ಟು, ಹಾಗಾಗಿ 16ರ ಅಲ್ಯೂಮಿನಿಯಂ ಅಂದ್ರೆ ಹೆಚ್ಚುಕಮ್ಮಿ 10ರ ತಾಮ್ರ. ಬೋರಿನ ಒಳಗಿನ 200 ಮೀಟರ್‌ಗೆ 6ರ ತಾಮ್ರದ ಫ್ಲ್ಯಾಟ್ ಕೇಬಲ್. ಒಟ್ಟು ನಷ್ಟ ಸುಮಾರು 21 ವೋಲ್ಟ್, ಶೇ 5ರ ಆಸುಪಾಸು. ಮೇಲಿನದನ್ನು 25 ಮಾಡಿದರೆ ಶೇ 4.3ಕ್ಕೆ ಇಳಿಯುತ್ತೆ. ತಾಮ್ರ ಕೊಳ್ಳಬೇಕಾಗಿರೋದು 32 ಕೆಜಿ ಅಷ್ಟೇ. ಒಂದೇ ಎಚ್ಚರಿಕೆ: ಅಲ್ಯೂಮಿನಿಯಂ, ತಾಮ್ರ ಎರಡನ್ನೂ ಹೊಸೆದು ಟೇಪ್ ಸುತ್ತಬೇಡಿ. ಆ ಜಾಯಿಂಟ್ ಕಾಲಕ್ರಮೇಣ ಕಿಲುಬು ಹಿಡಿದು ಬಿಸಿಯಾಗುತ್ತೆ. ಎರಡು ಲೋಹದ ಲಗ್ ಸಿಗುತ್ತೆ, ಅದನ್ನೇ ಹಾಕಿಸಿ.

ನಮ್ಮ ಕಡೆ 10 ಎಚ್‌ಪಿ ತನಕ ಕೃಷಿ ಪಂಪ್‌ಸೆಟ್‌ಗೆ ಕರೆಂಟ್ ಬಿಲ್ ಇಲ್ಲ. ಹಾಗಾಗಿ ಕೇಬಲ್‌ನಲ್ಲಿ ಎಷ್ಟು ಸೋರಿತು ಅಂತ ಯಾರೂ ನೋಡಲ್ಲ. ಆ 2.5ರ ಕೇಬಲ್ ತಾನೇ ಸುಮಾರು 1.9 ಕಿಲೋವಾಟ್ ತಿನ್ನುತ್ತೆ, 10ರದು ಅರ್ಧ ಕಿಲೋವಾಟ್‌ಗಿಂತ ಕಮ್ಮಿ. ಆ ನಷ್ಟ ಬಿಲ್ಲಿನಲ್ಲಿ ಕಾಣಲ್ಲ. ಕಾಯಿಲ್ ಕಟ್ಟೋನ ಅಂಗಡಿಯಲ್ಲಿ ಕಾಣುತ್ತೆ. ಮಾಲೇಗಾಂವ್‌ನ ಮಗ್ಗದವರಿಗೆ ಬಿಲ್ ಬರುತ್ತೆ, ಅವರು ಯೂನಿಟ್ಟು ಯೂನಿಟ್ಟು ಲೆಕ್ಕ ಇಡ್ತಾರೆ.

ಸ್ಟಾರ್ ಡೆಲ್ಟಾ ಸ್ಟಾರ್ಟರ್ ಇರೋ ದೊಡ್ಡ ಮೋಟರ್‌ಗೆ ಆರು ಎಳೆ ಹೋಗುತ್ತೆ, ಎರಡು ಕೇಬಲ್. ಓಡುವಾಗ ಒಂದೊಂದು ಎಳೆಯಲ್ಲಿ ಹರಿಯೋದು ಲೈನ್ ಕರೆಂಟಿನ ಶೇ 58 ಮಾತ್ರ. ಅಲ್ಲಿ ಸ್ಟಾರ್ಟರ್‌ನಿಂದ ಮೋಟರ್ ತನಕದ ಲೆಕ್ಕ ಬೇರೆ, ಇದನ್ನು ಮರೀಬೇಡಿ.

ಎಂಸಿಬಿ ಯಾರನ್ನು ಕಾಯುತ್ತೆ?

ಎಂಸಿಬಿ ಕಾಯೋದು ವೈರನ್ನು. ಮೋಟರನ್ನು ಕಾಯೋದು ಸ್ಟಾರ್ಟರ್ ಒಳಗಿನ ಓವರ್‌ಲೋಡ್ ರಿಲೇ. ಎಂಸಿಬಿ ಅಂಕೆ ವೈರ್ ತಡೆಯೋದಕ್ಕಿಂತ ಹೆಚ್ಚಿರಬಾರದು. ರಿಲೇಯನ್ನು ಮೋಟರ್ ಪ್ಲೇಟಿನ ಆಂಪಿಯರ್‌ಗೆ ಸರಿಯಾಗಿ ತಿರುಗಿಸಿಡಬೇಕು.

ತೆಳು ಕೇಬಲ್ ಇಲ್ಲೂ ಮೋಸ ಮಾಡುತ್ತೆ. 400 ಮೀಟರ್ ಆಚೆ 2.5ರ ಎರಡು ಫೇಸ್ ಒಂದಕ್ಕೊಂದು ತಾಗಿದರೆ, ಹೋಗಿಬರೋ ದಾರಿಯ ರೆಸಿಸ್ಟೆನ್ಸ್ 6.4 ಓಮ್. ಹರಿಯೋ ಕರೆಂಟ್ ಸುಮಾರು 65 ಆಂಪಿಯರ್ ಅಷ್ಟೇ. 16 ಆಂಪಿಯರ್‌ನ ‘ಸಿ’ ಮಾದರಿ ಎಂಸಿಬಿ ತಟ್ಟನೆ ಬೀಳಬೇಕಾದರೆ 80ರಿಂದ 160 ಆಂಪಿಯರ್ ಬೇಕು. ಶಾರ್ಟ್ ಆಗಿದೆ, ಎಂಸಿಬಿ ಇನ್ನೂ ಯೋಚನೆ ಮಾಡ್ತಾ ಇದೆ, ಅಷ್ಟರಲ್ಲಿ ಕೇಬಲ್ ಕುದೀತಿರುತ್ತೆ.

ಅಂಗಡಿಯಲ್ಲಿ ಏನು ಕೇಳಬೇಕು?

ಹಳೇ ವೈರ್‌ಮನ್‌ಗಳು ಇನ್ನೂ “ಮೂರು-ಇಪ್ಪತ್ತು, ಏಳು-ಇಪ್ಪತ್ತು” ಅಂತಾರೆ. 20 ಗೇಜಿನ ಎಳೆ ಮೂರು, ಏಳು ಅಂತ ಅರ್ಥ. 3/20 ಅಂದ್ರೆ ಸುಮಾರು 2 ಚದರ ಮಿಲಿಮೀಟರ್, 7/20 ಅಂದ್ರೆ ಸುಮಾರು 4.6. ಅಮೆರಿಕದಲ್ಲಿ ಇರೋರಿಗೆ ಗೇಜ್ ಲೆಕ್ಕ ಬೇರೆ: ಅಲ್ಲಿನ 12 ಅಂದ್ರೆ 3.3, 10 ಅಂದ್ರೆ 5.3 ಚದರ ಮಿಲಿಮೀಟರ್. ಎರಡೂ ಕಡೆ ಗೇಜ್ ಅಂಕೆ ಹೆಚ್ಚಾದಷ್ಟೂ ವೈರ್ ತೆಳು.

ಹೊದಿಕೆ ದಪ್ಪ ನೋಡಿ ಮೋಸ ಹೋಗಬೇಡಿ. 2.5ರ ಒಂದು ಎಳೆಯ 90 ಮೀಟರ್ ಸುರುಳಿಯಲ್ಲಿ ಸುಮಾರು 2 ಕೆಜಿ ತಾಮ್ರ ಇರಬೇಕು. ಇಡೀ ಸುರುಳಿಯ ತೂಕವೇ ಅಷ್ಟಿಲ್ಲದಿದ್ದರೆ, ಮೇಲೆ ಏನೇ ಬರೆದಿರಲಿ, ಅದು 2.5 ಅಲ್ಲ. ಐಎಸ್‌ಐ ಮುದ್ರೆ, ಐಎಸ್ 694 ಅನ್ನೋ ಅಂಕೆ ಎರಡೂ ನೋಡಿ.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ನಾಲ್ಕು ವಿಷಯ ಕೇಳಿ. ಮೋಟರ್ ಪ್ಲೇಟಿನ ಅಥವಾ ಬಿಲ್ಲಿನ ಫೋಟೋ. ಮೀಟರಿನಿಂದ ಬೋರ್ ತನಕದ ದೂರ ಮತ್ತು ಮೋಟರ್ ಇಳಿಸಿದ ಆಳ. ಕೇಬಲ್ ಮೇಲೆ ಅಚ್ಚಾಗಿರೋ ಸೈಜು. ಕೊನೆಯದು, ಮೋಟರ್ ಓಡುವಾಗ ಸ್ಟಾರ್ಟರ್ ಹತ್ತಿರ ಎಷ್ಟು ವೋಲ್ಟ್, ಮೂರೂ ಫೇಸಿನಲ್ಲಿ ಎಷ್ಟೆಷ್ಟು ಆಂಪಿಯರ್. ಇದನ್ನು ಅಪ್ಪನ ಕೈಲಿ ಅಳೆಸಬೇಡಿ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರ್ ಹಿಡಿದು ಅಳೀಲಿ. ಬೋರಿನ ತಳದಲ್ಲಿ ಮೋಟರಿಗೆ ಎಷ್ಟು ವೋಲ್ಟ್ ಸಿಗ್ತಿದೆ ಅಂತ ಯಾರೂ ಇಳಿದು ನೋಡೋಕಾಗಲ್ಲ. ಆ ಲೆಕ್ಕ ಮೇಲಿನ ಎರಡು ಸಾಲಿನ ಸೂತ್ರದಿಂದಲೇ ಆಗಬೇಕು, ಅದನ್ನು ನೀವು ಕೂತಲ್ಲೇ ಹಾಕಬಹುದು.

ಲೆಕ್ಕ ಶೇ 5 ದಾಟಿದರೆ, ಮುಂದಿನ ಸಲ ಮೋಟರ್ ಎತ್ತಿಸುವಾಗ ಕಾಯಿಲ್ ಒಂದನ್ನೇ ಕಟ್ಟಿಸಿ ಹಳೇ ಕೇಬಲ್‌ಗೇ ಇಳಿಸಬೇಡಿ. ಆ ಸಲ ಕಳಿಸೋ ದುಡ್ಡು ಕೇಬಲ್‌ಗೂ ಹೋಗಲಿ.